ಮಳೆ ಸದ್ದೇ ಸಾಕ್ಷಿ ಹೇಳಿತು

ನಮ್ಮದು ಸಕಲೇಶಪುರ. ಮನೆಯ ಹಿಂದಿನ ಹೆಂಚಿನ ಕೋಣೆಯೇ ನನ್ನ ಸ್ಟುಡಿಯೋ. ಗೋಡೆಗೆ ಹಳೇ ಕಂಬಳಿ, ಒಂದು ಮೈಕು, ಒಂದು ಲ್ಯಾಪ್‌ಟಾಪು. ಜುಲೈನಲ್ಲಿ ರೆಕಾರ್ಡಿಂಗ್ ಅಂದರೆ ಮಳೆ ಯಾವಾಗ ಬಿಡುತ್ತದೋ ಅಂತ ಕಾಯುವ ಕೆಲಸ.

ಹೋದ ವರ್ಷ ಮಂಜರಾಬಾದ್ ಕೋಟೆಯ ಒಂದು ಡ್ರೋನ್ ವಿಡಿಯೋದಲ್ಲಿ ನನ್ನ ಹಾಡು ಕೇಳಿಸಿತು. ವಿಡಿಯೋ ಹಾಕಿದವನು ನನ್ನನ್ನು ಕೇಳಿರಲೂ ಇಲ್ಲ, ನನ್ನ ಹೆಸರೂ ಹಾಕಿರಲಿಲ್ಲ. ಮೆಸೇಜ್ ಮಾಡಿದರೆ, ‘ನಿಮ್ದೇ ಅನ್ನೋದಕ್ಕೆ ಏನು ಗ್ಯಾರಂಟಿ?’ ಅಂದ. ಸಿಟ್ಟು ಬಂತು. ಪ್ರಶ್ನೆ ಮಾತ್ರ ಸರಿಯಾಗಿಯೇ ಇತ್ತು.

1957ರ ಕಾಪಿರೈಟ್ ಕಾಯ್ದೆಯಲ್ಲಿ ನೋಂದಣಿ ಕಡ್ಡಾಯ ಅಲ್ಲ. ಹಾಡು ರೆಕಾರ್ಡ್ ಆದ ಕೂಡಲೇ ಹಕ್ಕು ಬರುತ್ತದೆ. ಆದರೆ ತೋರಿಸಲು ಏನಾದರೂ ಬೇಕಲ್ಲ. ಪುಣ್ಯಕ್ಕೆ ಮೂಲ ಫೈಲುಗಳನ್ನು ಅಳಿಸಿರಲಿಲ್ಲ. ಎರಡನೇ ಚರಣ ಹಾಡುವಾಗ ಹೆಂಚಿನ ಮೇಲೆ ದಬದಬ ಮಳೆ ಶುರುವಾಗಿತ್ತು. ‘ಅಯ್ಯೋ, ಬಂತು’ ಅಂತ ನಾನು ಗೊಣಗಿದ್ದೂ ರೆಕಾರ್ಡ್ ಆಗಿತ್ತು. ಮತ್ತೆ ಹಾಡಿದರೆ ಆ ಭಾವ ಬರಲಿಲ್ಲ. ಹಾಗಾಗಿ ಗೊಣಗಿದ್ದನ್ನು ಕತ್ತರಿಸಿ ಮಳೆಯನ್ನು ಬಿಟ್ಟಿದ್ದೆ. ಅವನ ವಿಡಿಯೋದಲ್ಲೂ ಅದೇ ಮಳೆ, ಅದೇ ಜಾಗದಲ್ಲಿ! ಗೊಣಗಾಟ ಇದ್ದ ತುಣುಕನ್ನು ಕಳಿಸಿದೆ. ಮಾತಿಲ್ಲದೆ ವಿಡಿಯೋ ತೆಗೆದ. ತೆಗೆಯದಿದ್ದರೆ ಯೂಟ್ಯೂಬಿಗೇ ಕಾಪಿರೈಟ್ ದೂರು ಕೊಡಬಹುದಿತ್ತು, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಸಿಡಿ ಮಾಡಿ ನಿನಗೆ ನೀನೇ ಪೋಸ್ಟ್ ಮಾಡಿಕೋ, ಅಂಚೆ ಮುದ್ರೆಯ ತಾರೀಖೇ ಸಾಕ್ಷಿ ಅಂತ ಕೆಲವರು ಹೇಳಿದರು. ಅಂಟಿಸದ ಲಕೋಟೆಯನ್ನೂ ಪೋಸ್ಟ್ ಮಾಡಬಹುದು, ಆಮೇಲೆ ಏನು ಬೇಕಾದರೂ ತುಂಬಬಹುದು, ಅಲ್ವಾ? ಅದನ್ನು ಬಿಟ್ಟು ನೋಂದಣಿಗೆ ಕೂತೆ. ಒಂದು ಹಾಡಿಗೆ ಮೂರು ಹಕ್ಕು ಅಂತ ಗೊತ್ತಾದದ್ದು ಆಗಲೇ. ಸಾಹಿತ್ಯ ಬೇರೆ, ಟ್ಯೂನ್ ಬೇರೆ, ರೆಕಾರ್ಡಿಂಗ್ ಬೇರೆ. ಮೊದಲೆರಡಕ್ಕೆ ತಲಾ 500 ರೂಪಾಯಿ, ರೆಕಾರ್ಡಿಂಗಿಗೆ 2,000. ಸದ್ಯಕ್ಕೆ ರೆಕಾರ್ಡಿಂಗಿಗೆ ಮಾತ್ರ ಆನ್‌ಲೈನಲ್ಲಿ ಅರ್ಜಿ ಹಾಕೋಣ ಅಂದುಕೊಂಡೆ. ಅರ್ಜಿ ಹಾಕಿದರೆ ಡೈರಿ ನಂಬರ್, ಅಂದರೆ ಅರ್ಜಿಯ ಗುರುತಿನ ಸಂಖ್ಯೆ, ಸಿಗುತ್ತದೆ. ಆಮೇಲೆ ಯಾರದಾದರೂ ತಕರಾರು ಬರುತ್ತದಾ ಅಂತ 30 ದಿನ ಕಾಯುತ್ತಾರೆ.

ಕಷ್ಟ ಆದದ್ದು ಅದಲ್ಲ. ಸಾಹಿತ್ಯ ಬರೆದವನು ಬೇಲೂರಿನ ನನ್ನ ಗೆಳೆಯ, ಮೇಷ್ಟ್ರು. ಅವನ ಒಪ್ಪಿಗೆ ಪತ್ರ ಬೇಕಿತ್ತು. ಫೋನ್ ಮಾಡಿದರೆ, ‘ಏನೋ, ನನ್ ಮೇಲೆ ನಂಬಿಕೆ ಇಲ್ವೇನೋ?’ ಅಂದುಬಿಟ್ಟ. ಫೋನಿನಲ್ಲಿ ಆಗುವ ಮಾತಲ್ಲ ಅಂತ ಬಸ್ಸು ಹತ್ತಿದೆ. ಅವನ ಮನೆ ಜಗಲಿಯಲ್ಲೇ ಕೂತು ಬರೆದೆವು. ಸಾಹಿತ್ಯ ಅವನದೇ, ಈ ರೆಕಾರ್ಡಿಂಗಿಗೆ ಬಳಸಲು ನನಗೆ ಒಪ್ಪಿಗೆ, ದುಡ್ಡು ಬಂದರೆ ಅರ್ಧರ್ಧ. ಓದಿ ನೋಡಿದರೆ ಎಷ್ಟು ವರ್ಷಕ್ಕೆ ಅಂತಲೇ ಇಲ್ಲ! ಬರೆಯದಿದ್ದರೆ ಕಾನೂನು 5 ವರ್ಷ ಅಂತ ಲೆಕ್ಕ ಹಿಡಿಯುತ್ತದೆ. ಯಾವ ದೇಶಕ್ಕೆ ಅಂತ ಬರೆಯದಿದ್ದರೆ ಒಪ್ಪಿಗೆ ಭಾರತಕ್ಕೆ ಮಾತ್ರ. ನಮ್ಮ ಹಾಡು ಜಾಸ್ತಿ ಕೇಳುವವರೋ, ದುಬೈಯಲ್ಲಿರುವ ಅವನ ತಮ್ಮನ ಗೆಳೆಯರು.

ಎರಡನ್ನೂ ಸೇರಿಸಿ ಇನ್ನೊಂದು ಹಾಳೆಯಲ್ಲಿ ಬರೆದೆ. ಮೇಷ್ಟ್ರು ಕೆಂಪು ಪೆನ್ನು ತಂದು, ನನ್ನ ಎರಡು ಕಾಗುಣಿತ ತಪ್ಪಿಗೆ ಗೀಟು ಹಾಕಿದ. ಮೂರನೇ ಸಲ ಬರೆಸಿದ ಮೇಲೇ ಸಹಿ ಮಾಡಿದ್ದು.