ಜಮಾ ಯಾರ ಹೆಸರಿಗೆ?

ದೀಪಾವಳಿಗೆ ನಮ್ಮ ಅಂಗಡಿಗೆ ಲೆಕ್ಕದ ಹೊಸ ಚೋಪಡಿ ಬರುತ್ತವೆ. ಕೆಂಪು ಬಟ್ಟೆಯ ರಟ್ಟು, ಉದ್ದನೆಯ ಹಾಳೆ. ಲಕ್ಷ್ಮೀಪೂಜೆಯ ಸಂಜೆ ಮೊದಲ ಪುಟಕ್ಕೆ ಅರಿಸಿನ ಕುಂಕುಮ ಹಚ್ಚಿ ‘ಶ್ರೀ’ ಬರೆದು ಪೂಜೆಗೆ ಇಡುತ್ತೇವೆ. ಲೆಕ್ಕವೆಲ್ಲ ಕಂಪ್ಯೂಟರಿಗೆ ಹೋಗಿ ಎಷ್ಟೋ ವರ್ಷವಾಯಿತು, ಆದರೂ ಪೂಜೆಗೆ ಚೋಪಡಿ ಬೇಕೇ ಬೇಕು. ಹಾಗೆ ಪೂಜೆಗೊಂಡು, ಒಂದಕ್ಷರವೂ ಬೀಳದೆ ವರ್ಷ ಕಳೆದ ಒಂದನ್ನು ಸಾವಕಾರರನ್ನು ಕೇಳಿ ಮನೆಗೆ ತಂದೆ. “ಯಾತಕ್ಕೋ?” ಅಂದರು. “ಕಾದಂಬರಿ ಲೆಕ್ಕಾ ಬರಿಯಾಕ್ರಿ” ಅಂದೆ. ನಕ್ಕು ಕೊಟ್ಟರು.

ನಾನು ಬ್ಯಾಡಗಿ ಮೆಣಸಿನಕಾಯಿ ಪೇಟೆಯ ಒಂದು ಅಡತಿ ಅಂಗಡಿಯ, ಅಂದರೆ ದಲ್ಲಾಳಿ ಅಂಗಡಿಯ, ಗುಮಾಸ್ತ. ಕಾದಂಬರಿ ಓದುವುದು ಸಣ್ಣವನಿದ್ದಾಗಿನಿಂದ ಹತ್ತಿದ ಚಟ. ನಮ್ಮ ಹಾವೇರಿ ಸೀಮೆಗೆ ಅದು ಹೊಸದೇನಲ್ಲ. ಗಳಗನಾಥರು ತಾವು ಬರೆದ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ನೆಲ ಇದು. ನಮ್ಮಜ್ಜನ ಟ್ರಂಕಿನಲ್ಲಿ ಅವರ ‘ಮಾಧವ ಕರುಣಾವಿಲಾಸ’ದ ರಟ್ಟು ಹರಿದ ಪ್ರತಿಯೊಂದಿತ್ತು, ನಾನು ಓದಿದ ಮೊದಲ ಕಾದಂಬರಿ ಅದೇ. ಆಮೇಲೆ ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ಮೇಲೆ ವರ್ಷಕ್ಕೊಮ್ಮೆ ರೈಲು ಹತ್ತಿ ಧಾರವಾಡಕ್ಕೆ ಹೋಗಿ, ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆಯ ಅಟ್ಟ ಏರಿ, ಚೀಲ ತುಂಬಿಕೊಂಡು ಬರುವುದು ರೂಢಿಯಾಯಿತು.

ಓದಿದ್ದು ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಅದಕ್ಕೇ ಚೋಪಡಿ. ಅದರಲ್ಲಿ ಮೂರು ಖಾತೆ ತೆಗೆದೆ: ಅದೃಷ್ಟ, ನಿಷ್ಠೆ, ಗುಟ್ಟು. ಪ್ರೀತಿ, ಸಾವು, ದೇವರು ಯಾಕೆ ಬೇಡ ಎಂದು ಮಗಳು ಕೇಳಿದಳು. ನನಗೆ ದಿನಾ ಕಣ್ಣಿಗೆ ಬೀಳುವುದು ಈ ಮೂರೇ. ಸೋಮವಾರ, ಗುರುವಾರ ಪೇಟೆ. ರೈತ ತಂದ ಕಾಯಿ ಅಂಗಡಿ ಮುಂದೆ ಲಾಟ್ ಲಾಟ್ ಆಗಿ ಬೀಳುತ್ತದೆ. ಖರೀದಿದಾರರು ಬಂದು ಕೈಯಲ್ಲಿ ಹಿಡಿದು, ಮುರಿದು, ಬಣ್ಣ ನೋಡಿ, ಡಬ್ಬಿ ಜಾತಿಯೋ ಕಡ್ಡಿ ಜಾತಿಯೋ ನೋಡಿ, ಒಬ್ಬರ ದರ ಇನ್ನೊಬ್ಬರಿಗೆ ಗೊತ್ತಾಗದಂತೆ ಟೆಂಡರ್ ಹಾಕುತ್ತಾರೆ. ಅಲ್ಲಿಗೆ ಗುಟ್ಟಾಯಿತು. ಟೆಂಡರ್ ತೆರೆದಾಗ ಪಕ್ಕದ ಲಾಟಿನವನಿಗಿಂತ ನಿಮ್ಮ ಕಾಯಿಗೆ ಕ್ವಿಂಟಲಿಗೆ ಸಾವಿರ ಹೆಚ್ಚು ಬಿದ್ದರೆ ಅದಕ್ಕೆ ಜನ ಅದೃಷ್ಟ ಅನ್ನುತ್ತಾರೆ. 2024ರ ಮಾರ್ಚಿನ ಒಂದು ಸೋಮವಾರ ದರ ಬಿದ್ದು, ಸಿಟ್ಟು ನೆತ್ತಿಗೇರಿ, ಪೇಟೆಯಲ್ಲಿ ಬೆಂಕಿಯೇ ಎದ್ದಿತು. ಅದಕ್ಕೆ ಮುಂಚೆ ಕಾಯಿ ಮಾರಿ ಮನೆಗೆ ಹೋದವನೂ ಅದೇ ಹೊಲ, ಅದೇ ಮಳೆಯವನು. ಇನ್ನು ನಿಷ್ಠೆ. ಅದು ಗುಮಾಸ್ತನ ಬಂಡವಾಳ. ಅವನ ಹತ್ತಿರ ಬೇರೇನಿರುತ್ತದೆ?

ಮೊದಲ ವರ್ಷ ಬರೆದದ್ದನ್ನು ಈಗ ಓದಿದರೆ ನನಗೇ ನಗು ಬರುತ್ತದೆ. ‘ನಿಷ್ಠೆಯಿಂದ ಇದ್ದವರಿಗೆ ಕಡೆಗೆ ಒಳ್ಳೆಯದೇ ಆಗುತ್ತದೆ’ ಎಂಬ ಮಾತು ಹನ್ನೊಂದು ಕಡೆ ಇದೆ. ಎಣಿಸಿದ್ದೇನೆ. ಗೋಡೆ ಕ್ಯಾಲೆಂಡರಿನ ತಳದಲ್ಲಿ ಅಚ್ಚಾಗುವ ಮಾತುಗಳು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದುತ್ತ, ಗುತ್ತಿ ಎಂಬವನ ನಾಯಿ ‘ಹುಲಿಯ’, ತುಂಬಿ ಹರಿಯುವ ತುಂಗೆಯಲ್ಲಿ ಕೊಚ್ಚಿ ಹೋದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಚೋಪಡಿ ತೆಗೆದು ನನ್ನ ಆ ಹನ್ನೊಂದು ವಾಕ್ಯ ನೋಡಿದೆ. ಹುಲಿಯನಿಗಿಂತ ನಿಷ್ಠೆಯುಳ್ಳದ್ದು ಯಾವುದು? ಅದಕ್ಕೆ ಯಾವ ಒಳ್ಳೆಯದಾಯಿತು? ಕೆಂಪು ಶಾಯಿಯಿಂದ ಹನ್ನೊಂದನ್ನೂ ಹೊಡೆದುಹಾಕಿದೆ.

ಅಂದಿನಿಂದ ಸುಭಾಷಿತ ಬಂದ್. ಬರೀ ವ್ಯವಹಾರ ಬರೆಯುವುದು: ಯಾರು ಕೊಟ್ಟರು, ಏನು ಕೊಟ್ಟರು, ಯಾರಿಗೆ ಮುಟ್ಟಿತು, ಯಾರಿಗೆಲ್ಲ ಗೊತ್ತಿತ್ತು. ತಾರೀಖಿನ ಜಾಗದಲ್ಲಿ ಪುಟದ ನಂಬರು. ಒಂದು ಕಾದಂಬರಿಯನ್ನು ಎರಡು ಸಲ ಓದುತ್ತೇನೆ. ಮೊದಲ ಸಲ ಪೆನ್ನು ಮುಟ್ಟುವುದಿಲ್ಲ, ಕಥೆಯಲ್ಲಿ ಬಿದ್ದು ಹೋಗಲಿ ಎಂದು. ಎರಡನೆಯ ಸಲ ಗುಮಾಸ್ತನಾಗಿ ಕೂಡುತ್ತೇನೆ.

ಲೆಕ್ಕ ಬರೆಯದವರಿಗೆ ಒಂದು ಮಾತು ಹೇಳಬೇಕು. ನಮ್ಮಲ್ಲಿ ಕೊಟ್ಟವನ ಹೆಸರಿಗೆ ಜಮಾ, ಪಡೆದವನ ಹೆಸರಿಗೆ ನಾವೆ. ಒಂದು ಬರೆದರೆ ಇನ್ನೊಂದು ಬರೆಯಲೇಬೇಕು, ಇಲ್ಲದಿದ್ದರೆ ಲೆಕ್ಕ ತಾಳೆ ಬೀಳುವುದಿಲ್ಲ. ಅದೃಷ್ಟದ ಖಾತೆಯಲ್ಲಿ ನಾನು ಸಿಕ್ಕಿಬಿದ್ದದ್ದು ಇಲ್ಲಿಯೇ. ನಾಯಕನಿಗೆ ಹಣ ಸಿಕ್ಕಿತು, ಅವನ ಹೆಸರಿಗೆ ನಾವೆ ಬರೆದೆ. ಜಮಾ ಯಾರ ಹೆಸರಿಗೆ? ‘ಅದೃಷ್ಟ’ ಎಂದು ಬರೆದರೆ, ನನಗೆ ಹಿರಿಯ ಗುಮಾಸ್ತರಾಗಿದ್ದ ನಮ್ಮ ದಿವಾಣಜಿಯವರು ಇದ್ದಿದ್ದರೆ ಕಪಾಳಕ್ಕೆ ಕೊಡುತ್ತಿದ್ದರು. (ಗಳಗನಾಥರಲ್ಲಿ ಈ ತೊಂದರೆ ಇಲ್ಲ. ಪುಸ್ತಕದ ಹೆಸರಿನಲ್ಲಿಯೇ ಕರುಣೆ ಯಾರದೆಂದು ಹೇಳಿಬಿಟ್ಟಿದ್ದಾರೆ, ಎಲ್ಲ ಜಮಾ ದೇವರ ಹೆಸರಿಗೆ ಹೋಗುತ್ತದೆ.)

ಈ ಗಂಟು ಬಿಡಿಸಿದ್ದು ಒಂದು ಇಂಗ್ಲಿಷ್ ಕಾದಂಬರಿ. ನನ್ನ ಇಂಗ್ಲಿಷ್ ಇನ್ವಾಯ್ಸ್ ಓದುವಷ್ಟಕ್ಕೆ ಸಾಕು, ಅದರಾಚೆ ನಡೆಯದು. ಬಿ.ಎ. ಓದುತ್ತಿದ್ದ ಮಗಳು ರಾತ್ರಿ ಊಟವಾದ ಮೇಲೆ ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಓದಿ ಓದಿ ಕನ್ನಡದಲ್ಲಿ ಹೇಳುತ್ತಿದ್ದಳು. 1860–61ರಲ್ಲಿ ವಾರಪತ್ರಿಕೆಯಲ್ಲಿ ಕಂತು ಕಂತಾಗಿ ಬಂದದ್ದಂತೆ. ನಾವೂ ಕಂತಿನಲ್ಲಿಯೇ ಕೇಳಿದೆವು. ನನ್ನಾಕೆ ರೊಟ್ಟಿ ಬುಟ್ಟಿ ಮುಚ್ಚಿಟ್ಟು ಬಂದು ಕೂಡುವವರೆಗೆ ಓದು ಸುರುವಾಗುವಂತಿರಲಿಲ್ಲ.

ಪಿಪ್ ಎಂಬ ತಬ್ಬಲಿ ಹುಡುಗ. ಅಕ್ಕನ ಗಂಡ ಜೋ ಕಮ್ಮಾರ, ಅವನ ಕುಲುಮೆಯೇ ಹುಡುಗನ ಮುಂದಿನ ದಾರಿ. ಒಂದು ದಿನ ಲಂಡನ್ನಿನ ವಕೀಲನೊಬ್ಬ ಬಂದು, ನಿನಗೆ ದೊಡ್ಡ ಆಸ್ತಿ ಬರಲಿದೆ, ಕೊಡುವವರ ಹೆಸರು ಮಾತ್ರ ಕೇಳಬಾರದು ಅನ್ನುತ್ತಾನೆ. ಪಿಪ್ ತನ್ನಷ್ಟಕ್ಕೆ ತಾನೇ ಒಬ್ಬ ಶ್ರೀಮಂತ ಮುದುಕಿಯ ಹೆಸರಿಗೆ ಜಮಾ ಬರೆದುಕೊಂಡುಬಿಡುತ್ತಾನೆ. ನಾನೂ ಬರೆದೆ, ಶಾಯಿಯಲ್ಲಿ! ಅವನಿಗೆ ಇಪ್ಪತ್ಮೂರು ತುಂಬಿದ ಮೇಲೆ ಒಂದು ಮಳೆಯ ರಾತ್ರಿ ಮೆಟ್ಟಿಲು ಏರಿ ಬರುತ್ತಾನೆ ಮ್ಯಾಗ್‌ವಿಚ್. ಪಿಪ್ ಸಣ್ಣವನಿದ್ದಾಗ ಹೆದರಿ ಹೆದರಿ ಮನೆಯಿಂದ ತಿನಿಸು ಕದ್ದು ತಂದುಕೊಟ್ಟಿದ್ದ ಆ ಕೈದಿ. ಗಡೀಪಾರಾಗಿ ಆಸ್ಟ್ರೇಲಿಯಾಕ್ಕೆ ಹೋದವನು ಅಲ್ಲಿ ಕುರಿ ಸಾಕಿ ದುಡಿದದ್ದನ್ನೆಲ್ಲ ಈ ಹುಡುಗನಿಗೆ ಕಳಿಸುತ್ತಿದ್ದ. ಮಗಳು ಅದನ್ನು ಹೇಳಿದ ರಾತ್ರಿ ನನ್ನಾಕೆ “ಅಯ್ಯ ಶಿವನ!” ಅಂದದ್ದು ಪಕ್ಕದ ಮನೆಗೆ ಕೇಳಿಸಿತು. ಪಿಪ್‌ಗಾದರೋ ಅಸಹ್ಯ. ಉಂಡ ಅನ್ನ ಕೈದಿಯದೆಂದು ಗೊತ್ತಾದರೆ ಹಾಗೇ.

ಮ್ಯಾಗ್‌ವಿಚ್‌ಗೆ ಪೂರ್ತಿ ಜಮಾ ಕೊಡಲು ನನಗೆ ಮನಸ್ಸು ಬರಲಿಲ್ಲ. ಅವನಿಗೆ ಒಬ್ಬ ‘ಜಂಟಲ್‌ಮನ್’ ಬೇಕಾಗಿತ್ತು, ತಾನು ಮಾಡಿದ್ದು ಎಂದು ನೋಡಿಕೊಳ್ಳಲಿಕ್ಕೆ. ನೋಡಬೇಕೆಂದೇ ಗಲ್ಲಿಗೆ ಹೆದರದೆ ಮರಳಿ ಬಂದ. ನನಗೆ ಹಿಡಿಸಿದ್ದು ಜೋ. ಪಿಪ್ ದೊಡ್ಡವನಾಗಿ ಅವನನ್ನು ಕಂಡು ನಾಚಿಕೊಂಡಿದ್ದ. ಕಡೆಗೆ ಪಿಪ್ ಸಾಲದಲ್ಲಿ ಮುಳುಗಿ, ಜ್ವರದಲ್ಲಿ ಮೈಮರೆತು ಬಿದ್ದಾಗ ಜೋ ಬಂದು ಆರೈಕೆ ಮಾಡಿ, ಹುಡುಗ ಚೇತರಿಸಿಕೊಂಡದ್ದೇ ತಡ, ಒಂದು ಬೆಳಿಗ್ಗೆ ಹೇಳದೆ ಹೊರಟುಹೋಗುತ್ತಾನೆ. ಒಂದು ಚೀಟಿ, ಅದರೊಳಗೆ ಸಾಲ ತೀರಿಸಿದ ಪಾವತಿ. ಬಾಯಿಂದ ಒಂದು ಮಾತಿಲ್ಲ. ಪಾವತಿ ಎಂಬ ಶಬ್ದ ಕೇಳಿ ನನ್ನ ಗುಮಾಸ್ತನ ಕಿವಿ ನೆಟ್ಟಗಾಯಿತು.

ಅದೇ ಕಾದಂಬರಿಯಲ್ಲಿ ನಮ್ಮ ಜಾತಿಯವನೂ ಒಬ್ಬನಿದ್ದಾನೆ. ಗುಮಾಸ್ತರ ಜಾತಿ ಅನ್ನುತ್ತಿದ್ದೇನೆ. ವಕೀಲನ ಗುಮಾಸ್ತ ವೆಮಿಕ್. ಕಚೇರಿಯಲ್ಲಿ ಅವನ ಬಾಯಿ ಅಂಚೆಪೆಟ್ಟಿಗೆಯ ಕಿಂಡಿ ಇದ್ದ ಹಾಗೆ. ಮನೆಗೆ ಹೋದರೆ ಪುಟ್ಟ ಕೋಟೆ, ಕಂದಕದ ಮೇಲೆ ಎತ್ತಿಡುವ ಹಲಗೆ, ಕಿವಿ ಕೇಳದ ಮುದಿ ತಂದೆಯ ಆರೈಕೆ. ಕಚೇರಿಯ ಮಾತು ಮನೆಗಿಲ್ಲ, ಮನೆಯದು ಕಚೇರಿಗಿಲ್ಲ. ಇವನನ್ನು ನಿಷ್ಠೆಯ ಖಾತೆಗೆ ಹಾಕಲೋ ಗುಟ್ಟಿನ ಖಾತೆಗೋ ಎಂದು ವಾರಗಟ್ಟಲೆ ಒದ್ದಾಡಿ ಎರಡೂ ಕಡೆ ಬರೆದೆ. ಟೆಂಡರಿನ ದಿನ ಮನೆಗೆ ಹೋದರೆ ನಾನೂ ಯಾರು ಎಷ್ಟಕ್ಕೆ ಹಿಡಿದರೆಂದು ಬಾಯಿ ಬಿಡುವುದಿಲ್ಲ.

ಅಲ್ಲಿಂದ ನನ್ನ ಪದ್ಧತಿ ಬದಲಾಯಿತು. ಅದೃಷ್ಟ ಎಂದು ಕಂಡಲ್ಲಿ ಜಮಾ ಕಡೆ ಅರ್ಧ ಪುಟ ಖಾಲಿ ಬಿಡುವುದು, ಎರಡನೆಯ ಓದಿನಲ್ಲಿ ಹೆಸರು ಹುಡುಕುವುದು. ಎಷ್ಟೋ ಸಲ ಸಿಗುತ್ತದೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ನಲ್ಲಿ ಮನೆಯವರಿಗೆಲ್ಲ ಸಂಪತ್ತು ಬಂದದ್ದು ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ. ಮಸಾಲೆ ಅಂದಕೂಡಲೇ ನಮ್ಮ ಪೇಟೆಯವರಿಗೆ ಆಸಕ್ತಿ. ಚಿಕ್ಕಪ್ಪನನ್ನು ಹುಡುಕಿಕೊಂಡು ಬಂದ ಹೆಂಗಸನ್ನು ಮನೆಯ ಹೆಂಗಸರು ಬೈದು ಅಟ್ಟುತ್ತಾರೆ, ಉಳಿದವರು ಸುಮ್ಮನಿರುತ್ತಾರೆ. ಆ ಹೆಂಗಸಿಗೆ ಆದ ಅವಮಾನವನ್ನು ನಾನು ಜಮಾ ಕಡೆಗೇ ಬರೆದಿದ್ದೇನೆ, ಆ ಮನೆಯ ಸುಖಕ್ಕೆ ಅವಳೂ ತೆತ್ತಿದ್ದಾಳೆ ಎಂದು. ಒಬ್ಬರೇ ಹೊಟ್ಟೆಯಲ್ಲಿ ಇಟ್ಟುಕೊಂಡ ಗುಟ್ಟು ಒಂದು ರೀತಿ, ಮನೆಯವರೆಲ್ಲ ಕೂಡಿ ಸುಮ್ಮನಿದ್ದು ಕಾಯುವ ಗುಟ್ಟು ಇನ್ನೊಂದು. ಎರಡನೆಯದರ ವಾಸನೆ ಕೆಟ್ಟದ್ದು.

ಭೈರಪ್ಪನವರ ‘ವಂಶವೃಕ್ಷ’ಕ್ಕೆ ನನ್ನ ಚೋಪಡಿಯಲ್ಲಿ ಆರು ಹಾಳೆ ಹೋದವು. ವಂಶ ವಂಶ ಎಂದು ಬಾಳಿಡೀ ನಿಷ್ಠೆಯಿಂದ ನಡೆದ ಶ್ರೀನಿವಾಸ ಶ್ರೋತ್ರಿಯರಿಗೆ ಮುಪ್ಪಿನಲ್ಲಿ ತಾವು ಆ ವಂಶದ ರಕ್ತವೇ ಅಲ್ಲವೆಂದು ತಿಳಿಯುತ್ತದೆ. ಹಿರಿಯರು ಆಸ್ತಿಗಾಗಿ ಮಾಡಿ ಮುಚ್ಚಿಟ್ಟ ಕೆಲಸ. ಜಮಾ, ನಾವೆ ಎರಡೂ ತಪ್ಪು ಹೆಸರಿನಲ್ಲಿ ಬಿದ್ದು ಒಂದು ತಲೆಮಾರು ಸರಿದ ಮೇಲೆ ತಿದ್ದುವುದು ಹೇಗೆ? ಅವರು ಆಸ್ತಿ ಬಿಟ್ಟು ಹೊರಟುಹೋದರು. ನನಗೆ ಆ ಹಾಳೆಗಳ ಕೆಳಗೆ ಇವತ್ತಿಗೂ ಬೇರೀಜು ಹಾಕಲಾಗಿಲ್ಲ.

ಇಷ್ಟಾದ ಮೇಲೆ ಒಂದು ರಾತ್ರಿ ನನ್ನದೇ ಅದೃಷ್ಟ ನೆನಪಾಯಿತು.

ಅಂಗಡಿಗೆ ಸೇರಿ ಎರಡು ತಿಂಗಳು ಆಗಿತ್ತು. ಒಂದೇ ಊರಿನ, ಒಂದೇ ಹೆಸರಿನ ಇಬ್ಬರು ರೈತರು. ಕಡಿಮೆ ಪಟ್ಟಿಯವನಿಗೆ ಹೆಚ್ಚಿನ ಪಟ್ಟಿಯ ಹಣ ಎಣಿಸಿ ಕೊಟ್ಟುಬಿಟ್ಟೆ. ಅವನು ಎಣಿಸದೆ ಜೇಬಿಗಿಳಿಸಿ ಹೋದ, ಮರಳಿ ಈ ಕಡೆ ಹಾಯಲಿಲ್ಲ. ಸಂಜೆ ರೋಖಿನಲ್ಲಿ 2,180 ರೂಪಾಯಿ ಕಡಿಮೆ. ಅವತ್ತಿನ ನನ್ನ ಪಗಾರಕ್ಕಿಂತ ಹೆಚ್ಚು. ರಾತ್ರಿ ಉಣ್ಣದೆ ಮಲಗಿದೆ, ಬೆಳಿಗ್ಗೆ ಕೆಲಸ ಹೋಗುತ್ತದೆ ಎಂದುಕೊಂಡೇ ಹೋದೆ. ದಿವಾಣಜಿಯವರು ಕನ್ನಡಕ ಏರಿಸಿ, “ಲೆಕ್ಕಾ ತಾಳೆ ಬಿತ್ತೋ ತಮ್ಮಾ. ನಿನ್ನೆ ನಾನ ಒಂದು ಚೀಟಿ ಬರಿಯೂದು ಮರ್ತಿದ್ದೆ” ಅಂದರು. ನಾನು ಅದೇ ವಾರ ಕದರಮಂಡಲಗಿಗೆ ಹೋಗಿ ಕಾಂತೇಶನಿಗೆ ಕಾಯಿ ಒಡೆಸಿ ಬಂದೆ. ದೇವರು ದೊಡ್ಡವನು ಎಂದು ಎಷ್ಟು ಜನರಿಗೆ ಹೇಳಿದ್ದೇನೋ.

ಜಮಾ ಕಡೆ ಅರ್ಧ ಪುಟ ಖಾಲಿ ಬಿಟ್ಟು ನೋಡಿದೆ. ಮರೆತ ಚೀಟಿ? ಆ ಮನುಷ್ಯ ಎಂದಾದರೂ ಚೀಟಿ ಮರೆತದ್ದುಂಟೇ?

ಮರುದಿನ ಅಂಗಡಿಯ ಮಾಳಿಗೆ ಹತ್ತಿ, ಬಟ್ಟೆಯಲ್ಲಿ ಕಟ್ಟಿಟ್ಟ ಹಳೆಯ ಗಂಟು ಬಿಚ್ಚಿದೆ. ಮೆಣಸಿನ ಘಾಟು ಕಾಗದಕ್ಕೂ ಹತ್ತಿ ಸೀನಿ ಸೀನಿ ಸಾಕಾಯಿತು. ಆ ವರ್ಷದ ಖತಾವಣಿ, ದಿವಾಣಜಿಯವರ ಸ್ವಂತ ಖಾತೆ, ಅವರದೇ ದುಂಡು ಅಕ್ಷರ. ಅದೇ ತಾರೀಖಿಗೆ ಅವರ ಹೆಸರಿಗೆ ನಾವೆ: ಮುಂಗಡ, 2,180. ಕೆಳಗೆ ತಿಂಗಳಿಗೆ 200ರಂತೆ ಪಗಾರದಲ್ಲಿ ಮುರಿದುಕೊಂಡದ್ದು ಹತ್ತು ಸಲ, ಹನ್ನೊಂದನೆಯದು 180. ಆ ವರ್ಷ ಅವರು ಮಧ್ಯಾಹ್ನದ ಚಹಾ ಬಿಟ್ಟಿದ್ದರು. “ಪಿತ್ತ ಆಗೇತಿ” ಅಂದಿದ್ದರು. ಅವರ ಪಾಲಿನ ಅರ್ಧ ಕಪ್ಪು ನಾನೇ ಕುಡಿದಿದ್ದೇನೆ.

ಗಂಟು ಬಿಚ್ಚುವ ಹೊತ್ತಿಗೆ ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಅಂಗಡಿಯ ಪುಸ್ತಕದಲ್ಲಿ ಅವರ ಹೆಸರಿಗೆ ನಾವೆ ಇದ್ದದ್ದನ್ನು ನನ್ನ ಚೋಪಡಿಯಲ್ಲಿ ಅವರ ಹೆಸರಿಗೆ ಜಮಾ ಬರೆದೆ. ಪುಟದ ನಂಬರಿನ ಜಾಗದಲ್ಲಿ ಮೊದಲ ಸಲ ತಾರೀಖು ಬಿತ್ತು.

ಅವರ ಮನೆಯವರಿಗೆ ಹೇಳಬೇಕೇ? ಹಣ ಮುಟ್ಟಿಸಬೇಕೇ? ಅವರೇ ಹೇಳದೆ ಹೋದದ್ದನ್ನು ನಾನು ಹೇಳುವುದು ಅವರಿಗೆ ನಿಷ್ಠೆಯೋ ದ್ರೋಹವೋ? ಭಾನುವಾರ ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಐದಾರು ಜನ ಓದುವವರು ಕೂಡುತ್ತೇವೆ. ಒಂದು ಕಾದಂಬರಿಯಲ್ಲಿ ಹೀಗೆ ಬರುತ್ತದೆ ಎಂದು ಅವರ ಮುಂದೆ ಇಟ್ಟೆ, ಹೆಸರು ಊರು ಬದಲಿಸಿ.

ರಿಟೈರಾದ ಮಾಸ್ತರರು ತಕ್ಷಣ ತೀರ್ಪು ಕೊಟ್ಟರು. “ಅವ ಸಾವಕಾರಗ ಸುಳ್ಳ ಹೇಳ್ಯಾನ್ರಿ. ಬೇಜವಾಬ್ದಾರಿ ಗುಮಾಸ್ತನ್ನ ಮುಚ್ಚಿ ಇಟ್ಕೊಂಡಾನ. ಇದಕ್ಕ ನಿಷ್ಠೆ ಅಂತೀರೇನು?” ಬೇಜವಾಬ್ದಾರಿ ಎಂಬ ಶಬ್ದಕ್ಕೆ ನನ್ನ ಕಿವಿ ಬಿಸಿಯಾಯಿತು, ಆದರೆ ಅವರ ಮಾತನ್ನು ತಳ್ಳಿಹಾಕಲು ನನಗೆ ಇಂದಿಗೂ ಆಗಿಲ್ಲ. ಸಾವಕಾರರಿಗೆ ಒಂದು ಪೈಸೆ ಹಾನಿಯಾಗಲಿಲ್ಲ ನಿಜ, ಆದರೆ ತನ್ನ ಗಲ್ಲೆಯ ಮೇಲೆ ಎಂಥವನು ಕೂತಿದ್ದಾನೆಂದು ತಿಳಿಯುವ ಹಕ್ಕು ಅವರಿಗಿತ್ತು. ಎರಡು ಕಡೆ ಒಟ್ಟಿಗೆ ನಿಷ್ಠೆಯಿಂದಿರಲು ಹೋದರೆ ಮಧ್ಯೆ ಒಂದು ಸುಳ್ಳು ಬೇಕಾಗುತ್ತದೆ ಎಂದು ಕಾಣುತ್ತದೆ. ಪೇಟೆಯಲ್ಲಿ ಹಮಾಲಿ ಮಾಡುವ ನಮ್ಮ ಗೆಳೆಯ ಬೀಡಿ ಆರಿಸಿ, “ರೊಕ್ಕಾನೂ ಅವಂದ, ಗುಟ್ಟೂ ಅವಂದ. ನಡಕ ನಿಮ್ಮದೇನ್ರಿ ಪಂಚಾಯ್ತಿ?” ಅಂದ. ಎಲ್ಲರೂ ನಕ್ಕರು.

ಅಂಗನವಾಡಿಯ ಅಕ್ಕಾರು ಮಾತ್ರ ಸುಮ್ಮನೆ ಕೂತಿದ್ದರು. ಮಂದಿ ಎದ್ದು ಚಪ್ಪಲಿ ಹುಡುಕುವಾಗ ನನ್ನ ಹತ್ತಿರ ಬಂದರು.

“ಆ ಕಾದಂಬರಿ ಹೆಸರೇನ್ರಿ ಅಣ್ಣಾರ? ಲೈಬ್ರರಿಯಾಗ ಕೇಳ್ತೀನಿ.”

“ಹಳೇದೈತ್ರಿ ಅಕ್ಕಾರ. ಈಗ ಸಿಗೂದಿಲ್ಲ.”

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. “ಹಂಗಾರ ಬಿಡ್ರಿ” ಎಂದು ಚೀಲ ಹೆಗಲಿಗೇರಿಸಿಕೊಂಡು, ಬಾಗಿಲ ತನಕ ಹೋಗಿ, ತಿರುಗಿ, “ಚಹಾ ಬಿಟ್ಟದ್ದು ಯಾರಿಗೂ ತಿಳೀಲೇ ಇಲ್ಲೇನ್ರಿ ಅದರಾಗ?” ಅಂದರು.

ಚಹಾದ ಮಾತನ್ನು ಅವತ್ತು ನಾನು ಹೇಳಿದ್ದೆನೇ? ಬಾಯಿ ತಪ್ಪಿ ಬಂದಿತ್ತೋ ಏನೋ. ಉತ್ತರ ಕೊಡುವಷ್ಟರಲ್ಲಿ ಅವರು ಓಣಿ ತಿರುವಿನಲ್ಲಿದ್ದರು.