ಕೋಳಿ ಬಿಡುವುದು ಸುಲಭ, ತುಪ್ಪ ಬಿಡುವುದೇ ಕಷ್ಟ: ವೀಗನ್ ನೆಂಟರಿಗೆ ಮಲೆನಾಡಿನ ಊಟ

ಮಗನ ಆಫೀಸಿನ ಗೆಳೆಯರಿಗೆ ಆಗುಂಬೆ ಮಳೆ ನೋಡುವ ಆಸೆ. ಹೋದ ಮಳೆಗಾಲದಲ್ಲಿ ನಾಲ್ಕು ಜನ ಬಂದು ತೀರ್ಥಹಳ್ಳಿ ಪಕ್ಕದ ನಮ್ಮ ಮನೆಯಲ್ಲಿ ಎರಡು ದಿನ ಉಳಿದರು. ನಮ್ಮಲ್ಲಿ ನೆಂಟರು ಬಂದರೆ ಕಡುಬು, ಕೋಳಿ ಸಾರು ಅಂತಲೇ ಲೆಕ್ಕ. ಆದರೆ ಮಗ ಫೋನಿನಲ್ಲಿ ಹೇಳಿದ: "ಅಮ್ಮ, ಮೂವರು ವೆಜ್, ಒಬ್ಬಳು ವೀಗನ್. ಏನಾದ್ರೂ ಸಿಂಪಲ್ಲಾಗಿ ಮಾಡು."

ಕೋಳಿ ಕೈಬಿಟ್ಟೆ. ಹಲಸಿನ ಬೀಜ ಹಾಕಿ ಕಾಳು ಸಾರು ಮಾಡಿದೆ. ಎಲ್ಲ ಸರಿಯಾಯ್ತು ಅಂದುಕೊಂಡೆ. ಬಡಿಸುವಾಗ ಮಾತ್ರ ಕೈ ತನ್ನ ಪಾಡಿಗೆ ತಾನು ಮಿಳ್ಳೆ ಎತ್ತಿ ಬಿಸಿ ಕಡುಬಿನ ಮೇಲೆ ತುಪ್ಪ ಸುರಿದುಬಿಟ್ಟಿತು. ಆ ಹುಡುಗಿ ಮೆಲ್ಲಗೆ "ಆಂಟಿ, ಇದು ತುಪ್ಪವಾ?" ಅಂದಳು. ಅವಳ ಎಲೆಯಲ್ಲಿದ್ದ ಎರಡು ಕಡುಬೂ ನಮ್ಮ ನಾಯಿಯ ಪಾಲಾದವು.

ಆಮೇಲೆ ಯೋಚಿಸಿದರೆ ಹೊಳೆದದ್ದು ಇಷ್ಟು. ಮಾಂಸ ಇಲ್ಲದ ಅಡುಗೆ ನಮಗೆ ಹೊಸದೇನಲ್ಲ. ಸೋಮವಾರ, ಶನಿವಾರ ಒಲೆ ಮೇಲೆ ಮೀನು ಏರುವುದಿಲ್ಲ. ಶ್ರಾವಣ ಪೂರ್ತಿ ಬಿಡುವ ಮನೆಗಳೂ ಇವೆ. ಕಷ್ಟ ಇರುವುದು ಹಾಲು, ಮೊಸರು, ತುಪ್ಪದಲ್ಲಿ.

ಮೊದಲು ಫೋನ್ ಮಾಡಿ ಕೇಳಿ

'ವೆಜ್' ಅಂದರೆ ಒಬ್ಬೊಬ್ಬರಿಗೆ ಒಂದೊಂದು ಅರ್ಥ. ಕೆಲವರಿಗೆ ಮೊಟ್ಟೆ ನಡೆಯುತ್ತದೆ. ಕೆಲವರಿಗೆ ಈರುಳ್ಳಿ, ಬೆಳ್ಳುಳ್ಳಿಯೂ ಆಗದು. ಅಣಬೆ ಮುಟ್ಟದ ಸಸ್ಯಾಹಾರಿಗಳೂ ಬೇಕಾದಷ್ಟು ಜನ ಇದ್ದಾರೆ. ವೀಗನ್ ಅಂದರೆ ಪ್ರಾಣಿಯಿಂದ ಬಂದ ಯಾವುದೂ ಬೇಡ ಎನ್ನುವವರು. ಮಾಂಸ, ಮೀನು, ಮೊಟ್ಟೆಯ ಜೊತೆ ಹಾಲು, ಮೊಸರು, ಬೆಣ್ಣೆ, ತುಪ್ಪ, ಪನೀರ್, ಜೇನುತುಪ್ಪ ಎಲ್ಲವೂ ಹೊರಗೆ. ಈ ಹೆಸರು ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಹಾಲನ್ನೂ ಬಿಟ್ಟ ಕೆಲವು ಸಸ್ಯಾಹಾರಿಗಳು ಸೇರಿ ತಮಗೊಂದು ಬೇರೆ ಹೆಸರು ಇಟ್ಟುಕೊಂಡರು.

ಅಂಗಡಿ ಪೊಟ್ಟಣದ ಹಸಿರು ಚುಕ್ಕಿ ನೋಡಿ ಮೋಸ ಹೋಗಬೇಡಿ. ಅದು ಸಸ್ಯಾಹಾರದ ಗುರುತು, ಹಾಲಿನ ಪುಡಿ ಹಾಕಿದ ಬಿಸ್ಕತ್ತಿಗೂ ಇರುತ್ತದೆ. ವೀಗನ್ ತಿನಿಸಿಗೆ 2022ರಲ್ಲಿ ಬೇರೆ ನಿಯಮ ಬಂತು, ಬೇರೆ ಗುರುತೂ ಇದೆ. ನಮ್ಮೂರಿನ ಅಂಗಡಿಯಲ್ಲಿ ಆ ಗುರುತು ಹುಡುಕುವುದಕ್ಕಿಂತ ಪೊಟ್ಟಣದ ಹಿಂದೆ ಬರೆದದ್ದನ್ನು ಓದುವುದೇ ಸುಲಭ.

ಮೂರು ದಿನ ಮುಂಚೆ: ಕಳಲೆ

ಮಳೆಗಾಲವಾದರೆ ನನ್ನ ಮೊದಲ ಆಯ್ಕೆ ಕಳಲೆ, ಅಂದರೆ ಬಿದಿರಿನ ಎಳೆ ಮೊಳಕೆ, ಮತ್ತು ಹೆಸರುಕಾಳಿನ ಸಾರು. ಕಡುಬಿಗೆ ಕೋಳಿ ಸಾರು ಎಷ್ಟು ಹೊಂದುತ್ತದೋ ಇದೂ ಅಷ್ಟೇ ಹೊಂದುತ್ತದೆ. ಈ ಮಾತು ನಮ್ಮ ಮನೆಯವರ ಮುಂದೆ ಹೇಳಿದರೆ ಜಗಳ.

ಕಳಲೆಗೆ ಆತುರ ಆಗದು. ಹಸಿ ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ವಿಷದ ಅಂಶ ಇರುತ್ತದೆ. ನಮ್ಮ ಹಿರಿಯರು ಅದನ್ನು ನೆನೆಹಾಕಿ ನೀರು ಚೆಲ್ಲುತ್ತಿದ್ದುದು ಸುಮ್ನೆ ಅಲ್ಲ. ಮೇಲಿನ ಸಿಪ್ಪೆಯನ್ನೆಲ್ಲ ಬಿಡಿಸಿ, ಒಳಗಿನ ಬಿಳಿ ಎಳೆ ಭಾಗ ಮಾತ್ರ ತೆಳ್ಳಗೆ ಹೆಚ್ಚಿ. ಮುಳುಗುವಷ್ಟು ನೀರು ಹಾಕಿ. ದಿನಕ್ಕೊಮ್ಮೆ ನೀರು ಬದಲಾಯಿಸುತ್ತಾ ಎರಡು ಮೂರು ದಿನ ಇಡಿ. ವಾಸನೆ ಬರುತ್ತದೆ, ಹೆದರಬೇಡಿ. ಅಡುಗೆಯ ದಿನ ಹೊಸ ನೀರಿನಲ್ಲಿ ಚೆನ್ನಾಗಿ ಬೇಯಿಸಿ, ಆ ನೀರನ್ನೂ ಬಸಿದುಬಿಡಿ.

ಕಳಲೆ ಸಿಗದಿದ್ದರೆ ಹಲಸಿನ ಬೀಜ. ಬೇಸಿಗೆಯಾದರೆ ಎಳೆ ಹಲಸು. ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಂಡು ಹೆಚ್ಚಿ, ಇಲ್ಲದಿದ್ದರೆ ಅಂಟು ಬಿಡಿಸುವುದರಲ್ಲೇ ಮಧ್ಯಾಹ್ನ ಕಳೆಯುತ್ತದೆ. ಒಂದು ಮಾತು. ಬಡಿಸುವಾಗ "ತಿಂದು ನೋಡಿ, ಥೇಟ್ ಮಾಂಸದ ಹಾಗೇ ಇದೆ" ಅನ್ನಬೇಡಿ. ನಮಗೆ ಅದು ಹೊಗಳಿಕೆ. ಹುಟ್ಟಿನಿಂದ ಮಾಂಸ ತಿನ್ನದವರಿಗೆ ತುತ್ತು ಗಂಟಲಲ್ಲೇ ನಿಲ್ಲುತ್ತದೆ.

ಹಿಂದಿನ ದಿನ: ಪಾತ್ರೆ, ಎಣ್ಣೆ

ಒಂದು ಲೋಟ ಹೆಸರುಕಾಳು ನೆನೆಹಾಕಿ. ಕಡುಬಿನ ಅಕ್ಕಿ ತೊಳೆದು, ನೆರಳಿನಲ್ಲಿ ಆರಿಸಿ, ರವೆಯ ಹಾಗೆ ತರಿ ಮಾಡಿಡಿ.

ಆಮೇಲೆ ಮಿಕ್ಸಿ ಜಾರಿನ ಮುಚ್ಚಳ ತೆಗೆದು ಮೂಸಿ ನೋಡಿ. ಮೀನಿನ ಮಸಾಲೆ ರುಬ್ಬಿದ ಜಾರಿನ ರಬ್ಬರ್ ಸುತ್ತಿನಲ್ಲಿ ವಾಸನೆ ಕೂತಿರುತ್ತದೆ. ಅದನ್ನು ಬಿಚ್ಚಿ, ಹುಣಸೆಹಣ್ಣು ಹಾಕಿ ತಿಕ್ಕಿ. ಮೀನು ಕರಿದು ಉಳಿದ ಎಣ್ಣೆಯನ್ನು ಹಪ್ಪಳ ಕರಿಯಲು ಇಡುವ ಅಭ್ಯಾಸ ನಮ್ಮಲ್ಲಿ ಎಷ್ಟು ಮನೆಗಿಲ್ಲ ಹೇಳಿ! ಅವತ್ತು ಮಾತ್ರ ಹೊಸ ಎಣ್ಣೆ. ಒಣಮೀನಿನ ಡಬ್ಬಿಯನ್ನು ಅಡುಗೆಮನೆಯಿಂದ ದೂರ ಇಟ್ಟರೆ ಇನ್ನೂ ಒಳ್ಳೆಯದು.

ಅವತ್ತು ಬೆಳಿಗ್ಗೆ

ಸಾರಿನಿಂದ ಶುರು ಮಾಡಿ. ಆರು ಜನಕ್ಕೆ ಲೆಕ್ಕ ಹೇಳುತ್ತೇನೆ. ಎಂಟು ಬ್ಯಾಡಗಿ, ಮೂರು ಗುಂಟೂರು ಮೆಣಸು, ಎರಡು ದೊಡ್ಡ ಚಮಚ ಧನಿಯ, ಒಂದು ಚಿಕ್ಕ ಚಮಚ ಜೀರಿಗೆ, ಹತ್ತು ಕಾಳುಮೆಣಸು, ಚೂರು ಚಕ್ಕೆ, ಎರಡು ಲವಂಗ. ಇವನ್ನು ಸಣ್ಣ ಉರಿಯಲ್ಲಿ ಹುರಿಯಿರಿ. ಒಂದು ಈರುಳ್ಳಿ, ಆರು ಎಸಳು ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಬಾಡಿಸಿ. ಒಂದೂವರೆ ಲೋಟ ಕಾಯಿತುರಿ, ಸ್ವಲ್ಪ ಹುಣಸೆಹಣ್ಣಿನ ಜೊತೆ ಎಲ್ಲವನ್ನೂ ನುಣ್ಣಗೆ ರುಬ್ಬಿ. ಈರುಳ್ಳಿ, ಬೆಳ್ಳುಳ್ಳಿ ತಿನ್ನದವರಿದ್ದರೆ ಚಕ್ಕೆ ಲವಂಗವನ್ನೂ ಬಿಡಿ, ಒಗ್ಗರಣೆಗೆ ಇಂಗು ಹಾಕಿ. ಸಾರು ಬೇರೆಯೇ ಆಗುತ್ತದೆ, ಆದರೆ ಕೆಡುವುದಿಲ್ಲ.

ಬೆಂದ ಹೆಸರುಕಾಳು, ಮೂರು ಲೋಟದಷ್ಟು ಬೆಂದ ಕಳಲೆ, ಉಪ್ಪು, ಮಸಾಲೆ ಸೇರಿಸಿ ಕುದಿಸಿ. ಕುದಿ ಬಂದ ಮೇಲೂ ಕಾಲು ಗಂಟೆ ಸಣ್ಣ ಉರಿಯಲ್ಲಿ ಬಿಡಿ. ಕಳಲೆಗೆ ಮಸಾಲೆ ಹತ್ತಲು ಸಮಯ ಬೇಕು. ಕೊನೆಗೆ ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಕರಿಬೇವಿನ ಒಗ್ಗರಣೆ.

ಕಡುಬಿಗೆ ಮೂರು ಲೋಟ ತರಿಗೆ ಆರು ಲೋಟ ನೀರು. ಉಪ್ಪು, ಎರಡು ಚಮಚ ಎಣ್ಣೆ ಹಾಕಿದ ನೀರು ಕುದಿಯುವಾಗ ತರಿ ಸುರಿದು, ಗಂಟಾಗದಂತೆ ತಿರುವಿ. ನೀರೆಲ್ಲ ಹೀರಿದ ಮೇಲೆ ಮುಚ್ಚಿಡಿ. ಕೈ ತಡೆಯುವಷ್ಟು ಬಿಸಿ ಇರುವಾಗಲೇ ಒದ್ದೆ ಕೈಯಲ್ಲಿ ಉಂಡೆ ಕಟ್ಟಿ, ಇಡ್ಲಿ ಪಾತ್ರೆಯಲ್ಲಿ ಇಪ್ಪತ್ತು ನಿಮಿಷ ಹಬೆಯಲ್ಲಿ ಬೇಯಿಸಿ. ಪೂರ್ತಿ ಆರಿದರೆ ಉಂಡೆ ಬಿರಿಯುತ್ತದೆ.

ಮರಕೆಸದ ಪತ್ರೊಡೆಯನ್ನೂ ಮಾಡಬಹುದು, ಅದರಲ್ಲಿ ಹಾಲಿನ ಗೊಡವೆಯೇ ಇಲ್ಲ. ಹುಳಿ ಕಡಿಮೆ ಮಾಡಬೇಡಿ, ಗಂಟಲು ಕೆರೆಯುತ್ತದೆ. ಆದರೆ ಒಬ್ಬರೇ ಅಡುಗೆ ಮಾಡುವವರಾದರೆ ಇದನ್ನು ಬಿಡಿ. ಎಲೆಗೆ ಹಿಟ್ಟು ಸವರುತ್ತಾ ಕೂತರೆ ಉಳಿದದ್ದು ಹಿಂದೆ ಬೀಳುತ್ತದೆ.

ಮೊಸರಿನ ಜಾಗಕ್ಕೆ ಏನು?

ತಂಬುಳಿ ಇಲ್ಲದೆ ನಮ್ಮ ಕಡೆ ಊಟ ಆಗುತ್ತಾ? ಮಜ್ಜಿಗೆಯ ಬದಲು ಕಾಯಿಹಾಲು ಹಾಕಿ ಒಂದೆಲಗದ ತಂಬುಳಿ ಮಾಡಿ ನೋಡಿದೆ. ನಿಂಬೆಹಣ್ಣು ಹಿಂಡಿದರೆ ಚೆನ್ನಾಗೇ ಇರುತ್ತದೆ, ಆದರೆ ತಂಬುಳಿಯ ರುಚಿ ಅಲ್ಲ. ಅದಕ್ಕಿಂತ ಅಪ್ಪೆಹುಳಿ ವಾಸಿ. ಅದು ಇದ್ದ ಹಾಗೇ ವೀಗನ್. ಮಳೆಗಾಲದಲ್ಲಿ ಉಪ್ಪುನೀರಿನಲ್ಲಿ ಹಾಕಿಟ್ಟ ಮಾವಿನಕಾಯಿ ಸಾಕು. ಬೇಯಿಸಿ, ಕಿವುಚಿ, ಧಾರಾಳ ನೀರು ಬೆರೆಸಿ. ಹಸಿಮೆಣಸು ಜಜ್ಜಿ ಹಾಕಿ. ಎಣ್ಣೆಯಲ್ಲಿ ಸಾಸಿವೆ, ಇಂಗಿನ ಒಗ್ಗರಣೆ ಕೊಡಿ. ಉಪ್ಪು ಮಾತ್ರ ಕೊನೆಗೆ ನೋಡಿ ಹಾಕಿ, ಕಾಯಿಯಲ್ಲೇ ಸಾಕಷ್ಟು ಇರುತ್ತದೆ. ಅನ್ನಕ್ಕೂ ಆಯ್ತು, ಕುಡಿಯಲೂ ಆಯ್ತು. ಕುಡಿದವರು ಮಧ್ಯಾಹ್ನ ಜೋಗಕ್ಕೆ ಹೊರಡುವ ಯೋಚನೆ ಬಿಟ್ಟು ಮಲಗಿದರೆ ನನ್ನನ್ನು ಬೈಯಬೇಡಿ.

ಸಿಹಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಒತ್ತುಶ್ಯಾವಿಗೆ ಮತ್ತು ಕಾಯಿಹಾಲು ಇದ್ದೇ ಇದೆ. ಎರಡು ತೆಂಗಿನಕಾಯಿ ತುರಿದು, ನೆನೆಸಿದ ಎರಡು ಚಮಚ ಅಕ್ಕಿಯ ಜೊತೆ ರುಬ್ಬಿ ಹಿಂಡಿ. ಮೊದಲ ಗಟ್ಟಿ ಹಾಲು ಬೇರೆ, ಎರಡನೇ ತೆಳು ಹಾಲು ಬೇರೆ ಇಡಿ. ತೆಳು ಹಾಲಿಗೆ ಕಾಲು ಕೆಜಿ ಬೆಲ್ಲ ಹಾಕಿ, ಕರಗಿದ ಮೇಲೆ ಸೋಸಿ ಕುದಿಸಿ. ಗಟ್ಟಿ ಹಾಲು, ಏಲಕ್ಕಿ ಹಾಕಿದ ಕೂಡಲೇ ಒಲೆ ಆರಿಸಿ. ಮತ್ತೆ ಜೋರಾಗಿ ಕುದಿಸಿದರೆ ಒಡೆಯುತ್ತದೆ. ಒಗ್ಗರಣೆಗೆ ತುಪ್ಪ, ತುಪ್ಪದಲ್ಲಿ ಹುರಿದ ಗೋಡಂಬಿ, ಎರಡೂ ಬೇಡ.

ಬಡಿಸುವಾಗ

ತುಪ್ಪದ ಮಿಳ್ಳೆಯನ್ನು ಊಟದ ಜಾಗಕ್ಕೇ ತರಬೇಡಿ. ಬೇಕಾದವರು ಕೇಳಿದರೆ ತಂದುಕೊಡಿ. ಅಷ್ಟು ಮಾಡಿದ್ದರೆ ನಮ್ಮ ನಾಯಿಗೆ ಅವತ್ತು ಕಡುಬು ಸಿಗುತ್ತಿರಲಿಲ್ಲ. ಕಡುಬಿನ ಮೇಲೆ ತುಪ್ಪದ ಬದಲು ಗಾಣದ ಕೊಬ್ಬರಿ ಎಣ್ಣೆ ಒಂದು ಚಮಚ ಹಾಕಿ. ಮನೆಯವರಿಗೆ ಕೋಳಿ ಬೇಕೇ ಬೇಕು ಅಂದರೆ ಬೇರೆ ಸೌಟು, ಬೇರೆ ಪಾತ್ರೆ, ಬೇರೆ ಕೈ. ಒಂದೇ ಸೌಟಿನಲ್ಲಿ ಎರಡೂ ಬಡಿಸಿದರೆ ಅವರು ಬಾಯಿ ಬಿಟ್ಟು ಹೇಳದಿದ್ದರೂ ಊಟ ಇಳಿಯುವುದಿಲ್ಲ.

ಯಾವುದರಲ್ಲಿ ಏನು ಹಾಕಿದ್ದೀರಿ ಅಂತ ಕೇಳುವ ಮುಂಚೆಯೇ ಹೇಳಿಬಿಡಿ. ಪರರ ಮನೆಯಲ್ಲಿ ಪ್ರತಿ ಬಟ್ಟಲಿಗೂ "ಇದರಲ್ಲಿ ಹಾಲಿದೆಯಾ" ಅಂತ ಕೇಳಲು ಅವರಿಗೂ ಸಂಕೋಚ ಅಲ್ವಾ?

ಬೆಳಿಗ್ಗೆ ಎದ್ದ ಕೂಡಲೇ ಕಾಫಿಯ ಪ್ರಶ್ನೆ ಬರುತ್ತದೆ. ಬೆಲ್ಲ ಹಾಕಿದ ಕರಿ ಕಾಫಿ ಕೊಡಿ. ಆ ಹುಡುಗಿ ಎರಡು ಲೋಟ ಕುಡಿದಳು. ಜೊತೆಗೆ ಬಿಸ್ಕತ್ತು ಕೊಡಲು ಹೋಗಿ, ಪೊಟ್ಟಣ ತಿರುಗಿಸಿ ಓದಿ, ಮತ್ತೆ ಡಬ್ಬಿಗೇ ಹಾಕಿದೆ. ಹಲಸಿನ ಹಪ್ಪಳ ಸುಟ್ಟುಕೊಟ್ಟೆ.