ಹಳ್ಳಿಯಿಂದ ತಾಲ್ಲೂಕಿಗೆ ಬಸ್ಸಿನಲ್ಲಿ ಹೋಗಿಬರುವ ಹಿರಿಯರಿಗೆ

ತಿಪಟೂರು ಸುತ್ತಮುತ್ತಲಿನ ಹಳ್ಳಿ ರೂಟುಗಳಲ್ಲಿ ಕಂಡಕ್ಟರ್ ಕೆಲಸ ಮಾಡಿ ನಿವೃತ್ತನಾದವನು ನಾನು. ಬಸ್ಸಿನ ಸಂಗತಿ ಏನಿದ್ದರೂ ಊರಿನ ಹಿರಿಯರು ಈಗಲೂ ನನ್ನನ್ನೇ ಕೇಳುತ್ತಾರೆ. ಬಿ.ಪಿ. ಮಾತ್ರೆಗೆ, ಕಣ್ಣು ತೋರಿಸಲು, ಬ್ಯಾಂಕಿಗೆ, ತಾಲ್ಲೂಕು ಕಚೇರಿಗೆ, ಮಗಳ ಮನೆಗೆ, ಎಲ್ಲದಕ್ಕೂ ಅವರಿಗೆ ಬಸ್ಸೇ ಗತಿ. ಪ್ರತಿ ಸಲ ಆಟೋ ಮಾಡಿಕೊಂಡು ಹೋದರೆ ವೃದ್ಧಾಪ್ಯ ವೇತನದಲ್ಲಿ ಏನು ಉಳಿಯುತ್ತದೆ ಹೇಳಿ? ಅಪ್ಪ ಅಮ್ಮನನ್ನು ಊರಲ್ಲಿ ಬಿಟ್ಟು ದೂರದಲ್ಲಿರುವ ಮಕ್ಕಳೂ ಇದನ್ನು ಓದಿ, ಫೋನಿನಲ್ಲಿ ಅವರಿಗೆ ತಿಳಿಸಿ.

ಮೊದಲು ವಾಪಸ್ ಬರುವ ಬಸ್ಸು ನೋಡಿಕೊಳ್ಳಿ, ಹೋಗುವ ಬಸ್ಸು ಆಮೇಲೆ. ಹೋಗುವುದಕ್ಕೆ ಹೇಗೂ ಬೆಳಗಿನ ಬಸ್ಸು ಇರುತ್ತದೆ. ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ, ಡಾಕ್ಟರಿಗೆ ತೋರಿಸಿ, ಮಾತ್ರೆ ತಗೊಳ್ಳುವಷ್ಟರಲ್ಲಿ ಮಧ್ಯಾಹ್ನದ ಬಸ್ಸು ಹೋಗಿಬಿಟ್ಟಿರುತ್ತದೆ. ಮುಂದಿನದು ಸಂಜೆಗೇ. ಆದ್ದರಿಂದ ತಾಲ್ಲೂಕು ನಿಲ್ದಾಣದಲ್ಲಿ ಇಳಿದ ಕೂಡಲೇ ಸಂಚಾರ ನಿಯಂತ್ರಕರ ಕಿಟಕಿಗೆ ಹೋಗಿ. ನಾವು ಟಿ.ಸಿ. ಅನ್ನುವುದು ಇವರನ್ನೇ. ‘ನಮ್ಮೂರಿಗೆ ಮುಂದಿನ ಬಸ್ಸು ಎಷ್ಟಕ್ಕೆ, ಅದರ ನಂತರದ್ದು ಎಷ್ಟಕ್ಕೆ’ ಅಂತ ಎರಡನ್ನೂ ಕೇಳಿ, ಆಸ್ಪತ್ರೆ ಚೀಟಿಯ ಹಿಂದೆ ಬರೆಸಿಕೊಳ್ಳಿ. ಇವತ್ತು ಯಾವ ಟ್ರಿಪ್ ಬಂತು, ಯಾವುದು ಕ್ಯಾನ್ಸಲ್ ಆಯಿತು ಅನ್ನುವುದು ಅವರಿಗೆ ಗೊತ್ತಿರುತ್ತದೆ. ಟೀ ಅಂಗಡಿಯವರು ಹೇಳುವುದು ನಿನ್ನೆಯ ಟೈಮು.

ನಿಮ್ಮೂರಲ್ಲಿ ನೈಟ್ ಹಾಲ್ಟ್ ಬಸ್ಸು ಇದ್ದರೆ ಇನ್ನೂ ಸುಲಭ. ರಾತ್ರಿ ಬಂದು ಊರಲ್ಲೇ ತಂಗಿ ಬೆಳಿಗ್ಗೆ ಹೊರಡುವ ಬಸ್ಸದು. ಹಿಂದಿನ ರಾತ್ರಿಯೇ ಡ್ರೈವರ್, ಕಂಡಕ್ಟರನ್ನು ಮಾತಾಡಿಸಿ. ‘ಬೆಳಿಗ್ಗೆ ಬರ್ತೀನಪ್ಪಾ, ಮಂಡಿ ನೋವು, ಸ್ವಲ್ಪ ನೋಡ್ಕೊಂಡು ನಿಲ್ಸು’ ಅಂದರೆ ಸಾಕು, ನೆನಪಿಟ್ಟುಕೊಂಡು ನಿಲ್ಲಿಸುತ್ತಾರೆ.

ಕೆಲವು ದಿನ ಹೊರಡದೇ ಇರುವುದೇ ವಾಸಿ. ಹಳ್ಳಿಯ ಎಷ್ಟೋ ಟ್ರಿಪ್ಪುಗಳು ಶಾಲಾ ಕಾಲೇಜು ಮಕ್ಕಳನ್ನು ನೋಡಿ ಹಾಕಿದವು. ಭಾನುವಾರ, ರಜಾದಿನ ಅವು ಬರದೇ ಹೋಗಬಹುದು. ದೊಡ್ಡ ಜಾತ್ರೆ ಇದ್ದಾಗ ಬಸ್ಸುಗಳನ್ನು ಅತ್ತ ಕಳಿಸುತ್ತಾರೆ. ಚುನಾವಣೆಯಲ್ಲಿ ಮತದಾನದ ದಿನ ಮತ್ತು ಅದರ ಹಿಂದಿನ ದಿನ ಬಸ್ಸುಗಳು ಮತಗಟ್ಟೆ ಸಿಬ್ಬಂದಿಗೆ ಹೋಗುತ್ತವೆ. ನಮ್ಮ ಕಡೆ ಕೊಬ್ಬರಿ ಹರಾಜಿನ ದಿನವೂ ರಶ್ ಜಾಸ್ತಿ. ಮಾತ್ರೆ ಮುಗಿಯಲು ಇನ್ನೂ ಎರಡು ದಿನ ಇರುವಾಗಲೇ, ಬಸ್ಸು ಖಾಲಿ ಇರುವ ದಿನ ನೋಡಿ ಹೋಗಿಬನ್ನಿ.

ಇನ್ನು ಟಿಕೆಟ್. ಹೆಣ್ಣುಮಕ್ಕಳಿಗೆ ವಯಸ್ಸು ಎಷ್ಟೇ ಇರಲಿ, 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತ. ರಾಜಹಂಸ, ಐರಾವತದಂಥ ಬಸ್ಸಿಗೆ ಇದು ಇಲ್ಲ. ಖಾಸಗಿ ಬಸ್ಸಿಗೂ ಇಲ್ಲ, ಹತ್ತುವ ಮೊದಲೇ ನೋಡಿಕೊಳ್ಳಿ. ಕರ್ನಾಟಕದ ವಿಳಾಸ ಇರುವ ಆಧಾರ್ ಅಥವಾ ವೋಟರ್ ಐಡಿ ಬೇಕು. ಅಸಲನ್ನೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಎಲೆಅಡಿಕೆ ಚೀಲದ ಜೊತೆ ಅಲ್ಲ, ಬೇರೆಯಾಗಿ ಇಟ್ಟುಕೊಳ್ಳಿ. ರಶ್ಶಿನಲ್ಲಿ ಗಂಟು ಬಿಚ್ಚಿ ಹುಡುಕುವಾಗಲೇ ಅಜ್ಜಿಯರು ಆಯ ತಪ್ಪುವುದು.

ಶೂನ್ಯ ಟಿಕೆಟ್ ತಾನೇ ಅಂತ ಬಿಡಬೇಡಿ. ಅದನ್ನು ಕೇಳಿ ಪಡೆಯಿರಿ, ಇಳಿಯುವ ತನಕ ಇಟ್ಟುಕೊಳ್ಳಿ. ನಡುವೆ ತನಿಖೆಯವರು ಹತ್ತಿದರೆ ಅದನ್ನೇ ಕೇಳುತ್ತಾರೆ. ಇನ್ನೊಂದು ಕಾರಣವೂ ಇದೆ. ನೀವು ಹತ್ತಿದ್ದು ಲೆಕ್ಕಕ್ಕೆ ಬರುವುದು ಆ ಚೀಟಿಯಿಂದ. ಸರ್ಕಾರ ಸಾರಿಗೆ ನಿಗಮಕ್ಕೆ ಹಣ ಕೊಡುವುದೂ ಅದೇ ಲೆಕ್ಕದ ಮೇಲೆ. ನಾಳೆ ಯಾರೋ ಆಫೀಸಿನಲ್ಲಿ ಕೂತು ‘ಈ ಟ್ರಿಪ್ಪಿಗೆ ಜನರೇ ಇಲ್ಲ’ ಅನ್ನಬಾರದು, ಅಲ್ವಾ?

ಗಂಡಸರಿಗೆ 60 ತುಂಬಿದ್ದರೆ ಟಿಕೆಟ್ಟಿನಲ್ಲಿ ಶೇ. 25 ರಿಯಾಯಿತಿ ಇದೆ. ಎಷ್ಟೋ ಯಜಮಾನರು ಇದನ್ನು ಕೇಳುವುದೇ ಇಲ್ಲ, ಸುಮ್ನೆ ಪೂರ್ತಿ ಕೊಟ್ಟು ಬರುತ್ತಾರೆ. ನೋಡಿ, ಹೀಗೆ ಮಾಡಿ. ದುಡ್ಡು ಕೊಡುವ ಮೊದಲು ಆಧಾರ್ ಕಾರ್ಡು ಮುಂದೆ ಹಿಡಿದು, ‘ಸೀನಿಯರ್ ಟಿಕೆಟ್ ಕೊಡಪ್ಪಾ, ಇಂಥ ಊರಿಗೆ’ ಅನ್ನಿ. ಮಷೀನಿನಿಂದ ಪೂರ್ತಿ ಟಿಕೆಟ್ ಹೊರಬಂದ ಮೇಲೆ ಆ ಹಣ ಕಂಡಕ್ಟರ್ ಕಟ್ಟಬೇಕಾದ ಲೆಕ್ಕಕ್ಕೆ ಸೇರುತ್ತದೆ. ಆಗ ಜಗಳ ಆಡಿ ಪ್ರಯೋಜನವಿಲ್ಲ. ರಿಯಾಯಿತಿ ಮೂಲ ದರಕ್ಕೆ ಮಾತ್ರ, ಟೋಲ್ ಮುಂತಾದವು ಬೇರೆ. ಹಾಗಾಗಿ ಸರಿಯಾಗಿ ಕಾಲು ಭಾಗ ಕಡಿಮೆಯಾಗದಿದ್ದರೆ ಮೋಸ ಅಂದುಕೊಳ್ಳಬೇಡಿ. ಕಾರ್ಡಿನಲ್ಲಿ ಹುಟ್ಟಿದ ತಾರೀಕು ಸರಿ ಇದೆಯಾ ಅಂತ ಒಮ್ಮೆ ನೋಡಿಸಿಕೊಳ್ಳಿ. ಹಿರಿಯ ನಾಗರಿಕರ ಗುರುತಿನ ಚೀಟಿಯನ್ನೂ ಮಾಡಿಸಿಟ್ಟರೆ ಒಳ್ಳೆಯದು. ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಅರ್ಜಿ ಹಾಕಬಹುದು, ಹತ್ತಿರದ ಗ್ರಾಮ ಒನ್ ಕೇಂದ್ರದಲ್ಲಿ ಮಾಡಿಕೊಡುತ್ತಾರೆ. ಅಂಗವಿಕಲತೆಯ ಪ್ರಮಾಣಪತ್ರ ಇರುವವರಿಗೆ ಬೇರೆಯೇ ರಿಯಾಯಿತಿ ಪಾಸ್ ಇದೆ, ಅದನ್ನೂ ಅಲ್ಲೇ ವಿಚಾರಿಸಿ.

ಹತ್ತುವುದು ಇಳಿಯುವುದು ನಿಧಾನವಾಗಲಿ. ಮೊದಲ ಮೆಟ್ಟಿಲು ಎತ್ತರ. ಚೀಲವನ್ನು ಮೊದಲು ಯಾರ ಕೈಗಾದರೂ ಕೊಡಿ. ಎರಡೂ ಕೈ ಖಾಲಿ ಇರಬೇಕು. ಬಾಗಿಲು ಹಿಡಿಯಬೇಡಿ, ಅದು ಆಡುತ್ತದೆ. ಕಂಬಿ ಹಿಡಿಯಿರಿ. ನೋವಿಲ್ಲದ ಕಾಲು ಮೊದಲು ಮೇಲಿಡಿ, ಇಳಿಯುವಾಗ ನೋವಿರುವ ಕಾಲು ಮೊದಲು ಕೆಳಗಿಡಿ. ಕಂಡಕ್ಟರ್ ‘ರೈಟ್’ ಅಂದುಬಿಟ್ಟಾನು ಅಂತ ಭಯವಾದರೆ ಗಟ್ಟಿಯಾಗಿ ‘ಹೋಲ್ಡಾನ್’ ಅನ್ನಿ. ಅದು ಡ್ರೈವರಿಗೆ ತಕ್ಷಣ ತಿಳಿಯುವ ಮಾತು. ಒಳಗೆ ಬಂದ ಮೇಲೆ ಹಿರಿಯ ನಾಗರಿಕರಿಗೆ ಅಂತ ಬರೆದಿರುವ ಸೀಟು ಕೇಳಿ, ಕೂತಿರುವ ಹುಡುಗರು ಏಳುತ್ತಾರೆ. ಏಳದಿದ್ದರೆ ಕಂಡಕ್ಟರಿಗೆ ಹೇಳಿ, ಎಬ್ಬಿಸುವುದು ಅವರ ಕೆಲಸ. ಕೊನೆಯ ಸೀಟಿಗೆ ಮಾತ್ರ ಹೋಗಬೇಡಿ. ಹಿಂದಿನ ಚಕ್ರ ದಾಟಿ ಇರುವ ಜಾಗ ಅದು, ಒಂದು ಗುಂಡಿಗೆ ಸೊಂಟ ಹೋಗುತ್ತದೆ. ಊರು ಬಂತು ಅಂತ ಮೊದಲೇ ಎದ್ದು ನಿಲ್ಲುವವರೇ ಬ್ರೇಕಿಗೆ ಬೀಳುವುದು. ಬಸ್ಸು ಪೂರ್ತಿ ನಿಂತ ಮೇಲೆ ಏಳಿ. ಎರಡು ಸ್ಟಾಪ್ ಮುಂಚೆ ಕಂಡಕ್ಟರಿಗೆ ಹೇಳಿಟ್ಟರೆ ಕಾಯುತ್ತಾರೆ. ಎದೆನೋವು, ತಲೆಸುತ್ತು ಇದ್ದರೆ ಮಾತ್ರ ಬಸ್ಸಿಗೆ ಕಾಯಬೇಡಿ, 108ಕ್ಕೆ ಫೋನ್ ಮಾಡಿಸಿ.

ಬಸ್ಸೇ ಬರದ ಊರಿನವರು ಏನು ಮಾಡಬೇಕು? ಬಾಯಿಮಾತಿನಲ್ಲಿ ಕೇಳಿದ್ದು ಡಿಪೋ ಗೇಟು ದಾಟುವುದಿಲ್ಲ. ಬರೆದುಕೊಡಿ. ಘಟಕ ವ್ಯವಸ್ಥಾಪಕರಿಗೆ, ಅಂದರೆ ಡಿಪೋ ಮ್ಯಾನೇಜರಿಗೆ, ಅರ್ಜಿ, ವಿಭಾಗೀಯ ನಿಯಂತ್ರಣಾಧಿಕಾರಿಗೆ ಅದರ ಪ್ರತಿ. ‘ಬಸ್ ಬಿಡಿ’ ಅಂತಷ್ಟೇ ಬರೆದರೆ ಸಾಲದು. ಯಾವ ಹೊತ್ತಿಗೆ ಬೇಕು, ಊರಲ್ಲಿ ಹಿರಿಯರು ಎಷ್ಟು ಮಂದಿ, ಅದೇ ಹೊತ್ತಿಗೆ ಹೋಗುವ ಮಕ್ಕಳು ಎಷ್ಟು, ಈಗ ಬಸ್ಸಿಗೆ ಎಷ್ಟು ದೂರ ನಡೆಯುತ್ತೀರಿ, ಎಲ್ಲ ಬರೆಯಿರಿ. ಬಸ್ಸು ತಿರುಗಿಸಲು ಜಾಗ ಎಲ್ಲಿದೆ ಅಂತ ತಪ್ಪದೇ ಬರೆಯಿರಿ, ಡ್ರೈವರ್ ಮೊದಲು ಕೇಳುವುದೇ ಅದನ್ನು. ರಸ್ತೆಗೆ ಬಾಗಿದ ಕೊಂಬೆಗಳನ್ನು ಪಂಚಾಯಿತಿಯಿಂದ ಸವರಿಸಿಡಿ. ಹೊಸ ಬಸ್ಸು ಕೇಳುವುದಕ್ಕಿಂತ, ಪಕ್ಕದ ಊರಿಗೆ ಬರುವ ಬಸ್ಸನ್ನೇ ಮುಂದೆ ಎರಡು ಮೈಲಿ ತನ್ನಿ ಅಂತ ಕೇಳಿದರೆ ಬೇಗ ಆಗುವ ಸಾಧ್ಯತೆ ಜಾಸ್ತಿ. ಅರ್ಜಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಉತ್ತರ ಬರದಿದ್ದರೆ ಆ ಸೀಲಿನ ಪ್ರತಿಯನ್ನು ಶಾಸಕರಿಗೆ ಕೊಟ್ಟು, ಇಲಾಖೆಗಳ ಕೆಲಸ ಪರಿಶೀಲಿಸುವ ತಾಲ್ಲೂಕಿನ ಕೆ.ಡಿ.ಪಿ. ಸಭೆಯಲ್ಲಿ ಡಿಪೋ ಮ್ಯಾನೇಜರನ್ನು ಕೇಳಿ ಅನ್ನಿ. ಅರ್ಜಿಗೆ ಹಿರಿಯರೇ ಸಹಿ ಹಾಕಲಿ, ಹೆಬ್ಬೆಟ್ಟಾದರೂ ಸರಿ.